ಕಡಲಲ್ಲ, ಮಳೆನೀರು: ಫೈಬರ್ ದೋಣಿಯೊಳಗೆ ಅಡಗಿದ ಮರದ ಚರಿತ್ರೆ

ಫೈಬರ್ ದೋಣಿ ಕೊಳೆಯುವುದಿಲ್ಲ ಎಂಬ ಮಾತು ನಮ್ಮ ಕರಾವಳಿಯಲ್ಲಿ ಹಳೆಯದು. ಮಾತು ಅರ್ಧ ನಿಜ. ಗಾಜಿನ ಎಳೆಯೂ ರೆಸಿನ್ನೂ ಸೇರಿ ಆದ ಹೊರಮೈ ಕೊಳೆಯುವುದಿಲ್ಲ. ಆದರೆ ಬಹಳಷ್ಟು ಹಳೆಯ ಫೈಬರ್ ದೋಣಿಗಳಲ್ಲಿ ಆ ಹೊರಮೈಯ ಒಳಗೆ ಮರ ಇದೆ. ಡೆಕ್ಕಿನ ಎರಡು ಪದರಗಳ ನಡುವೆ ಪ್ಲೈವುಡ್, ತಳದ ಉದ್ದಕ್ಕೂ ಬಲ ಕೊಡಲು ಮರದ ಪಟ್ಟಿ, ಎಂಜಿನ್ ನೇತುಹಾಕುವ ಹಿಂಬದಿಯಲ್ಲಿ ದಪ್ಪ ಹಲಗೆ. ಈ ಮರ ಕೊಳೆಯುತ್ತದೆ. ಮೇಲಿನ ಬಣ್ಣ ಮಿರಮಿರ ಹೊಳೆಯುತ್ತಿರುವಾಗಲೇ ಕೊಳೆಯುತ್ತದೆ.

ಮಲೆನಾಡು, ಕರಾವಳಿಯ ಕಡೆ ಇಂಥ ಮರಕ್ಕೆ ‘ಲಡ್ಡು ಹಿಡಿದಿದೆ’ ಅನ್ನುತ್ತಾರೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುವ, ಹಿಂಡಿದರೆ ನೀರು ಬಿಡುವ ಸ್ಥಿತಿ ಅದು. ಮರದ ದೋಣಿಗೆ ಲಡ್ಡು ಹಿಡಿದರೆ ಕಣ್ಣಿಗೆ ಕಾಣುತ್ತಿತ್ತು. ಫೈಬರ್ ದೋಣಿಯಲ್ಲಿ ಅದು ಕಾಣುವುದಿಲ್ಲ. ಈ ಒಂದು ವ್ಯತ್ಯಾಸ ದೋಣಿ ಕಾಯುವ ಕೆಲಸವನ್ನೇ ಹೇಗೆ ಬದಲಿಸಿತು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಬಂದರಿಲ್ಲದ ಊರಿನ ಕಡಲ ನಂಟು

ಧಾರವಾಡದ ಲಕಮನಹಳ್ಳಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ. ಇಲ್ಲಿ ಕೂತು ದೋಣಿಯ ಬಗ್ಗೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಇಲ್ಲಿಂದ ಕಾರವಾರದ ಕಡಲಿಗೆ ಸುಮಾರು ನೂರೈವತ್ತು ಕಿಲೋಮೀಟರ್ ದೂರ. ಆದರೆ ಈ ಸೀಮೆಗೂ ಕಡಲಿಗೂ ಇದ್ದ ನಂಟು ಇವತ್ತಿನ ಬಸ್ಸಿನ ದಾರಿಗಿಂತ ಹಳೆಯದು.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಎರೆ ಹೊಲದ ಹತ್ತಿ ಎತ್ತಿನ ಮೇಲೆ, ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಾಯಿದೋಣಿಗಳಲ್ಲಿ ಮುಂಬಯಿಗೆ. ಬೆಳೆದದ್ದು ಧಾರವಾಡದಲ್ಲಾದರೂ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಬಿದ್ದ ಹೆಸರು ‘ಕುಮಟಾ’. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿ ವ್ಯಾಪಾರದ ಲೆಕ್ಕಾಚಾರವಿತ್ತು. 1880ರ ದಶಕದ ಕೊನೆಗೆ ರೈಲು ಬಂದು ಹತ್ತಿ ಮುರಗಾಂವ ಬಂದರಿನ ಕಡೆ ತಿರುಗಿತು. ಕುಮಟಾದ ಹಾಯಿದೋಣಿಗಳ ಕಾಲ ಅಲ್ಲಿಂದ ಇಳಿಮುಖವಾಯಿತು.

ಇನ್ನೊಂದು ನಂಟು ಮರದ್ದು. ಧಾರವಾಡಕ್ಕೆ ಹೊಂದಿಕೊಂಡ ಹಳಿಯಾಳ, ದಾಂಡೇಲಿಯ ಕಾಡಿನ ಸಾಗವಾನಿ ಮನೆಯ ತೊಲೆ, ಕಂಬಗಳಿಗೆ ಎಷ್ಟು ಬೇಕಾಗಿತ್ತೋ ಹಡಗಿಗೂ ಅಷ್ಟೇ ಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಕೊರತೆ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ಪಶ್ಚಿಮ ಘಟ್ಟದ ಸಾಗವಾನಿಯ ಮೇಲೆ ಬಿತ್ತು. ಮುಂಬಯಿಯ ಗೋದಿಯಲ್ಲಿ ವಾಡಿಯಾ ಮನೆತನದವರು ಸಾಗವಾನಿಯಲ್ಲೇ ಯುದ್ಧನೌಕೆಗಳನ್ನು ಕಟ್ಟಿದರು. 1817ರಲ್ಲಿ ಅಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಊರಿನಲ್ಲಿ ತೇಲುತ್ತಾ ನಿಂತಿದೆ. ಎರಡು ಶತಮಾನ ಕಳೆದಿದೆ. ಸಾಗವಾನಿಯ ಗುಣ ಅದಕ್ಕೊಂದು ಕಾರಣ. ಕೆಟ್ಟ ಹಲಗೆ ಕಂಡಾಗಲೆಲ್ಲ ತೆಗೆದು ಹೊಸದು ಹಾಕುವ ಅವಕಾಶ ಇದ್ದದ್ದು ಇನ್ನೊಂದು ಕಾರಣ.

ಈ ಎರಡನೆಯ ಕಾರಣವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಬಿಚ್ಚಿ ಕಟ್ಟುವ ದೋಣಿ

ನಮ್ಮ ಕರಾವಳಿಯ ಹಳೆಯ ದೋಣಿಗಳಲ್ಲಿ ಎರಡು ಬಗೆ ಮುಖ್ಯ. ಒಂದು, ಇಡೀ ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ. ಉತ್ತರ ಕನ್ನಡದ ಕಡೆ ಸಣ್ಣದನ್ನು ಪಾತಿ ಎನ್ನುತ್ತಾರೆ. ಇದಕ್ಕೆ ಮಾವು, ಹೆಬ್ಬಲಸಿನಂಥ ಮರ ಬೇಕು. ಇನ್ನೊಂದು, ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ದೋಣಿ. ಇದರ ಜೋಡಣೆಗೆ ಕಬ್ಬಿಣದ ಮೊಳೆ ಬೇಕಿಲ್ಲ. ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳ ಬಗೆಗಳನ್ನು ಕುರಿತು 1920ರಲ್ಲಿ ದೊಡ್ಡ ಅಧ್ಯಯನವನ್ನೇ ಪ್ರಕಟಿಸಿದರು.

ಹೊಲಿದ ದೋಣಿಯನ್ನು ಹಿಂದುಳಿದ ತಂತ್ರ ಎಂದುಕೊಳ್ಳಬಾರದು. ಮರಳಿಗೆ ಬಡಿದಾಗ ಅದು ಬಾಗುತ್ತದೆ, ಒಡೆಯುವುದಿಲ್ಲ. ಮೊಳೆ ಇಲ್ಲದ್ದರಿಂದ ತುಕ್ಕಿಲ್ಲ, ತುಕ್ಕಿನ ಸುತ್ತ ಮರ ಕಪ್ಪಾಗಿ ಸಾಯುವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾರು ಸವೆಯುವುದರಿಂದ ಹೊಲಿಗೆಯನ್ನು ಕಾಲಕಾಲಕ್ಕೆ ಬಿಚ್ಚಿ ಮತ್ತೆ ಹಾಕಲೇಬೇಕು. ಬಿಚ್ಚಿದಾಗ ಹಲಗೆಯ ಅಂಚು, ಒಳಮೈ, ಮೂಲೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಕೆಟ್ಟ ಹಲಗೆ ಪಕ್ಕಕ್ಕೆ ಹೋಗುತ್ತದೆ. ಗಟ್ಟಿ ಇದ್ದದ್ದಕ್ಕೆ ಮೀನೆಣ್ಣೆ ಅಥವಾ ಗೇರುಬೀಜದ ಸಿಪ್ಪೆಯ ಎಣ್ಣೆ ಬೀಳುತ್ತದೆ. ಬೂತಾಯಿ ಮೀನು ರಾಶಿ ರಾಶಿ ಸಿಗುತ್ತಿದ್ದ ಕರಾವಳಿಯಲ್ಲಿ ಮೀನೆಣ್ಣೆಗೆ ಬರವಿರಲಿಲ್ಲ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ತುಂಗಭದ್ರೆಯ ಹರಿಗೋಲನ್ನು ನೋಡಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಆನೆಗೊಂದಿಗೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಒಳಗೆ ಹೆಣೆದ ಹಂದರ, ಹೊರಗೆ ನೀರು ತಡೆಯುವ ಚರ್ಮ. ಒಂದಕ್ಕೆ ಬಲದ ಕೆಲಸ, ಇನ್ನೊಂದಕ್ಕೆ ನೀರು ತಡೆಯುವ ಕೆಲಸ. ಫೈಬರ್ ದೋಣಿಯ ಡೆಕ್ಕಿನಲ್ಲೂ ಕೆಲಸ ಹಂಚಿಕೊಂಡಿರುವುದು ಹೆಚ್ಚುಕಡಿಮೆ ಹೀಗೆಯೇ. ಆದರೆ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದರೆ ಸಾಕು, ಒಳಗಿನ ಹಂದರ ಪೂರ್ತಿ ಗಾಳಿಗೆ ಒಣಗುತ್ತದೆ. ಫೈಬರ್ ಡೆಕ್ಕಿನಲ್ಲಿ ಹಂದರದ ಎರಡೂ ಮಗ್ಗುಲಿಗೆ ಚರ್ಮ ಇದೆ, ಗಾಳಿಗೆ ದಾರಿಯಿಲ್ಲ.

ಮರ ಕೊಳೆಯುವುದು ಯಾವಾಗ

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅಣಬೆಯ ಜಾತಿಗೆ ಸೇರಿದ ಈ ಜೀವಿಗೆ ನಾಲ್ಕು ಬೇಕು: ತಿನ್ನಲು ಮರ, ಉಸಿರಾಡಲು ಗಾಳಿ, ಹದವಾದ ಬಿಸಿ, ಮತ್ತು ತೇವ. ಮರದ ತೇವಾಂಶ ಶೇ. 20ರ ಒಳಗಿದ್ದರೆ ಅದು ಬೆಳೆಯಲಾರದು. ಶೇ. 30ರ ಆಸುಪಾಸಿಗೆ ಬಂದರೆ ಹಬ್ಬ. ನಮ್ಮ ಕರಾವಳಿಯ ಹವೆಯಂತೂ ವರ್ಷದ ಹೆಚ್ಚಿನ ಕಾಲ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಪೂರ್ತಿ ನೀರಲ್ಲಿ ಮುಳುಗಿದ ಮರಕ್ಕೆ ಗಾಳಿ ಸಿಗುವುದಿಲ್ಲ, ಹಾಗಾಗಿ ಅದು ಸುಲಭಕ್ಕೆ ಈ ಬಗೆಯಲ್ಲಿ ಕೊಳೆಯುವುದಿಲ್ಲ. ಪೂರ್ತಿ ಒಣಗಿದ ಮರಕ್ಕೆ ತೇವ ಇಲ್ಲ, ಅದೂ ಕೊಳೆಯುವುದಿಲ್ಲ. ಅಪಾಯ ಇರುವುದು ನಡುವಿನ ಸ್ಥಿತಿಯಲ್ಲಿ. ಹಳೆಯ ಮಾಳಿಗೆ ಮನೆ ಬಿಚ್ಚಿಸಿದವರಿಗೆ ಇದು ಗೊತ್ತು. ಜಂತಿಯ ನಡುಭಾಗ ಕಬ್ಬಿಣದಂತಿರುತ್ತದೆ, ಗೋಡೆಯೊಳಗೆ ಸೇರಿದ ತುದಿ ಮಾತ್ರ ಪುಡಿಯಾಗಿರುತ್ತದೆ. ಗೋಡೆಯ ತೇವ ಒಳಗೆ ಬಂತು, ಹೊರಗೆ ಹೋಗಲು ದಾರಿ ಸಿಗಲಿಲ್ಲ.

ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತರಬಹುದು. ಈ ಕೊಳೆತಕ್ಕೆ ಉಪ್ಪುನೀರಿಗಿಂತ ಸಿಹಿನೀರು ಹೆಚ್ಚು ಅನುಕೂಲ. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ಅಮೆರಿಕದಲ್ಲಿ ಮರದ ಹಡಗು ಕಟ್ಟುವಾಗ ಪಕ್ಕೆಲುಬುಗಳ ನಡುವಿನ ಜಾಗಕ್ಕೆ ಕಲ್ಲುಪ್ಪನ್ನೇ ತುಂಬುತ್ತಿದ್ದರು. ಸಮುದ್ರದಲ್ಲಿ ಮರಕ್ಕಿರುವ ದೊಡ್ಡ ಶತ್ರು ಬೇರೆಯೇ, ಮರ ಕೊರೆಯುವ ಹುಳು. ನೋಡಲು ಹುಳುವಿನಂತಿದ್ದರೂ ಅದು ಕಪ್ಪೆಚಿಪ್ಪಿನ ಜಾತಿಯ ಜೀವಿ. ಅದನ್ನು ತಡೆಯಲೆಂದೇ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಎಂದರೆ ತಳಕ್ಕೆ ಕಡಲಿನ ಕಾಟ, ಡೆಕ್ಕಿಗೆ ಮಳೆಯ ಕಾಟ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ ಕರಾವಳಿಯಲ್ಲಿ 3,000 ಮಿಲಿಮೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ.

ಮರ ಕಾಯುವ ವಿಜ್ಞಾನಕ್ಕೆ ನಮ್ಮ ದೇಶದ ದೊಡ್ಡ ಕೊಡುಗೆಯೂ ಇದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರರ ಲವಣಗಳನ್ನು ಬೆರೆಸಿ ಒತ್ತಡದಲ್ಲಿ ಮರದೊಳಗೆ ತುಂಬುವ ಕ್ರಮವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಮುಂದೆ ಹಲವು ದಶಕ ಜಗತ್ತಿನ ಹಲವೆಡೆ ಕಂಬ, ಬೇಲಿ, ಧಕ್ಕೆಯ ಮರಗಳು ಈ ಮಿಶ್ರಣದಿಂದಲೇ ಉಳಿದವು. ಆರ್ಸೆನಿಕ್ ವಿಷದ ಕಾರಣಕ್ಕೆ ಈಗ ಹಲವು ದೇಶಗಳಲ್ಲಿ ಇದರ ಬಳಕೆಗೆ ಕಡಿವಾಣ ಬಿದ್ದಿದೆ.

ಮರ ದುಬಾರಿಯಾದ ಕಾಲ

ಸ್ವಾತಂತ್ರ್ಯದ ನಂತರ ದೋಣಿಗೆ ಎಂಜಿನ್ ಬಂತು. ಕೇರಳದಲ್ಲಿ 1950ರ ದಶಕದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಕೊಚ್ಚಿಯಲ್ಲಿ 1957ರಲ್ಲಿ ಹುಟ್ಟಿದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ದೋಣಿಯ ಮರ, ಮರದ ರಕ್ಷಣೆ, ತಳದ ಹೊದಿಕೆಗಳ ಬಗ್ಗೆ ಪ್ರಯೋಗ ನಡೆಸಿತು. ಮಂಗಳೂರು, ಮಲ್ಪೆ, ಕಾರವಾರದ ದಡಗಳಲ್ಲಿ ಮರದ ಟ್ರಾಲ್ ಬೋಟುಗಳು ಎದ್ದವು. 1970ರ ದಶಕದ ನಡುವಿನಿಂದ ಪರ್ಸೀನ್ ಬಲೆ ಬಂದು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಹಿಂದೆ ಸರಿಯಿತು. ರಂಪಣಿಯ ಜೊತೆಗೆ ಅದಕ್ಕೆಂದೇ ಕಟ್ಟುತ್ತಿದ್ದ ದೊಡ್ಡ ದೋಣಿಗಳೂ ಕಡಿಮೆಯಾದವು.

ಇದೇ ಹೊತ್ತಿಗೆ ಘಟ್ಟದ ಮೇಲೆ ಇನ್ನೊಂದು ಬದಲಾವಣೆ ನಡೆದಿತ್ತು. ದಾಂಡೇಲಿಯ ಪ್ಲೈವುಡ್, ಕಾಗದದ ಕಾರ್ಖಾನೆಗಳು ಕಾಡಿನಿಂದ ಮರ, ಬಿದಿರು ಎಳೆಯುತ್ತಿದ್ದವು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ದೇಶದಾದ್ಯಂತ ಕಾಡಿನ ಮರ ಕಡಿತಕ್ಕೆ ಬಿಗಿ ತಂದಿತು.

ಕಾಡಿನ ದೃಷ್ಟಿಯಿಂದ ಇದು ಆಗಬೇಕಾಗಿದ್ದ ಕೆಲಸ. ದೋಣಿ ಕಟ್ಟುವವರ ದೃಷ್ಟಿಯಿಂದ ಇದರ ಅರ್ಥ ಒಂದೇ: ಉದ್ದನೆಯ, ಗಂಟಿಲ್ಲದ, ಬಲಿತ ಹಲಗೆ ಸಿಗುವುದು ಕಷ್ಟವಾಯಿತು, ಸಿಕ್ಕರೂ ಬೆಲೆ ಕೈಗೆಟುಕದಾಯಿತು. ಇಡೀ ದಿಮ್ಮಿ ಬೇಡುವ ದೋಣಿಯಂತೂ ಹೊಸದಾಗಿ ಮಾಡಿಸುವ ಮಾತೇ ಇರಲಿಲ್ಲ. ಆ ಖಾಲಿ ಜಾಗಕ್ಕೆ ಫೈಬರ್ ಬಂತು.

ಗಾಜಿನ ಎಳೆಯ ಪಯಣ

ಗಾಜನ್ನು ಕೂದಲಿಗಿಂತ ತೆಳ್ಳಗಿನ ಎಳೆಯಾಗಿ ಎಳೆಯುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಸಾಧ್ಯ ಮಾಡಿದ್ದು 1930ರ ದಶಕದ ಅಮೆರಿಕ. ಅದೇ ದಶಕದಲ್ಲಿ ಪಾಲಿಯೆಸ್ಟರ್ ರೆಸಿನ್ ಕೂಡ ರೂಪುಗೊಂಡಿತು. ಗಾಜಿನ ಎಳೆಯ ಹಾಸಿಗೆ ರೆಸಿನ್ ಕುಡಿಸಿ, ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ಗಟ್ಟಿಯಾದ ಮೇಲೆ ಎತ್ತಿದರೆ ಜೋಡಣೆಯಿಲ್ಲದ ಒಂದೇ ಚಿಪ್ಪು ಸಿಗುತ್ತದೆ. ಒಹಾಯೊದ ರೇ ಗ್ರೀನ್ 1942ರಲ್ಲಿ ಈ ಬಗೆಯ ಸಣ್ಣ ದೋಣಿ ಮಾಡಿದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇದು ಉದ್ಯಮವಾಗಿ ಬೆಳೆಯಿತು.

ಭಾರತದ ಮೀನುಗಾರರ ನಡುವೆ ಫೈಬರ್ ಹರಡಲು ಮದ್ರಾಸಿನಲ್ಲಿ 1979ರಲ್ಲಿ ಶುರುವಾದ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಂಗಾಳಕೊಲ್ಲಿ ಯೋಜನೆಯೂ ನೆರವಾಯಿತು. ಅಲೆ ಒಡೆಯುವ ಮರಳು ದಡಕ್ಕೆ ನೇರವಾಗಿ ಹತ್ತಬಲ್ಲ ಫೈಬರ್ ದೋಣಿಗಳನ್ನು ಅದು ಪೂರ್ವ ಕರಾವಳಿಯಲ್ಲಿ ಪರೀಕ್ಷಿಸಿತು. ನಮ್ಮ ಕರಾವಳಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಮತ್ತು ಫೈಬರ್ ಹೆಚ್ಚುಕಡಿಮೆ ಜೊತೆಜೊತೆಯಾಗಿ ನಾಡದೋಣಿಯನ್ನು ಬದಲಿಸಿದವು. ಹಗುರ, ಸೋರುವುದಿಲ್ಲ, ಪ್ರತಿ ವರ್ಷ ಎಣ್ಣೆ ಹಚ್ಚುವ ಗೋಜಿಲ್ಲ, ಹುಳು ಕೊರೆಯುವುದಿಲ್ಲ. ಇವೆಲ್ಲ ನಿಜವಾದ ಲಾಭಗಳೇ.

ಜೊತೆಗೆ ಇನ್ನೊಂದು ರೂಢಿ ಬಂತು. ಮರದ ಹಳೆಯ ದೋಣಿಯ ಮೇಲೆಯೇ ಫೈಬರ್ ಹೊದಿಸುವುದು. ಒಣಗಿದ, ಗಟ್ಟಿ ಮರಕ್ಕೆ ಸರಿಯಾಗಿ ಹೊದಿಸಿದರೆ ದೋಣಿಯ ಆಯುಷ್ಯ ಹೆಚ್ಚುತ್ತದೆ. ಈಗಾಗಲೇ ತೇವ ಕುಡಿದ ಮರಕ್ಕೆ ಹೊದಿಸಿದರೆ ಒಳಗಿನ ನೀರು ಒಳಗೇ ಬೀಗ ಹಾಕಿಕೊಂಡಂತೆ.

ಡೆಕ್ಕಿನ ಕೆಳಗೆ

ಪೂರ್ತಿ ಫೈಬರಿನ ದೋಣಿಯಲ್ಲಿ ಮರ ಯಾಕೆ ಬೇಕಾಯಿತು? ಫೈಬರ್ ಗಟ್ಟಿ, ಆದರೆ ತೆಳ್ಳಗಿದ್ದರೆ ಬಳುಕುತ್ತದೆ. ದಪ್ಪ ಮಾಡಿದರೆ ಭಾರ, ಖರ್ಚು ಎರಡೂ ಏರುತ್ತದೆ. ಅದಕ್ಕೆ ಎರಡು ತೆಳು ಪದರಗಳ ನಡುವೆ ಹಗುರವಾದದ್ದೇನನ್ನೋ ಇಟ್ಟರೆ ಇಡೀ ಹಲಗೆ ಬಳುಕದೆ ನಿಲ್ಲುತ್ತದೆ. ಆ ‘ಹಗುರವಾದದ್ದು’ ಕಡಿಮೆ ಖರ್ಚಿನಲ್ಲಿ, ಎಲ್ಲ ಊರಲ್ಲೂ ಸಿಗುವ ಪ್ಲೈವುಡ್ ಆಯಿತು. ವಿದೇಶದ ದೋಣಿಗಳಲ್ಲಿ ಬಾಲ್ಸಾ ಎಂಬ ಹಗುರ ಮರವನ್ನೂ ಬಳಸಿದರು.

ಫೈಬರ್ ಪದರ ಅಖಂಡವಾಗಿ ಇರುವ ತನಕ ತೊಂದರೆ ಇಲ್ಲ. ಆದರೆ ದೋಣಿಯ ಡೆಕ್ಕಿಗೆ ಏನೇನೋ ಕೂರಿಸಬೇಕು. ಹಗ್ಗ ಕಟ್ಟುವ ಗೂಟ, ಬಲೆ ಎಳೆಯುವ ಗಾಲಿ, ಮೀನು ಗುಂಡಿಯ ಮುಚ್ಚಳ, ದೀಪದ ಕಂಬ. ಪ್ರತಿಯೊಂದಕ್ಕೂ ಬೋಲ್ಟು, ಪ್ರತಿ ಬೋಲ್ಟಿಗೂ ಒಂದು ತೂತು. ಡ್ರಿಲ್ ಮೇಲ್ಪದರ ದಾಟಿ ಪ್ಲೈವುಡ್ಡಿನ ಎದೆಗೇ ಇಳಿಯುತ್ತದೆ. ಹಗ್ಗ ಜಗ್ಗಿದಾಗಲೆಲ್ಲ ಬೋಲ್ಟ್ ಅಲ್ಲಾಡುತ್ತದೆ, ಅದರ ಸುತ್ತ ಹಾಕಿದ ಅಂಟು ಬಿರುಕು ಬಿಡುತ್ತದೆ. ಮಳೆ ಬಂದಾಗ ಒಂದೊಂದೇ ಹನಿ ಒಳಗಿಳಿಯುತ್ತದೆ. ಎರಡೂ ಕಡೆ ಫೈಬರ್ ಇರುವುದರಿಂದ ಒಳಗೆ ಹೋದ ನೀರಿಗೆ ಒಣಗಲು ದಾರಿಯಿಲ್ಲ. ಪ್ಲೈವುಡ್ಡಿನ ಪದರಗಳ ಅಂಚಿನಲ್ಲಿ ಅದು ಪಕ್ಕಕ್ಕೆ ಹರಡುತ್ತದೆ. ತೂತು ಒಂದು ಕಡೆ ಇದ್ದರೆ ಕೊಳೆತ ಎರಡು ಅಡಿ ಆಚೆ ತನಕ ಇರಬಹುದು.

ಇಲ್ಲಿ ಪ್ಲೈವುಡ್ಡಿನ ಗುಣಮಟ್ಟದ ಪ್ರಶ್ನೆಯೂ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಐಎಸ್ 303, ಮರೀನ್ ಪ್ಲೈವುಡ್ಡಿಗೆ ಐಎಸ್ 710. ಮರೀನ್ ಪ್ಲೈವುಡ್ ತುಂಡನ್ನು 72 ಗಂಟೆ ಕುದಿಸಿದರೂ ಪದರಗಳ ಅಂಟು ಬಿಡಬಾರದು. ಆದರೆ ಈ ಪರೀಕ್ಷೆ ಅಂಟಿನದ್ದು. ಅಂಟು ಬಿಡದಿದ್ದರೂ ನಡುವಿನ ಮರ ಕೊಳೆಯಬಹುದು. ಅದನ್ನು ತಡೆಯುವುದು ಮರದ ಜಾತಿ, ಮರಕ್ಕೆ ಕೊಟ್ಟ ರಕ್ಷಣಾ ಉಪಚಾರ, ಮತ್ತು ನೀರು ಒಳಗೆ ಹೋಗದಂತೆ ಮಾಡಿದ ಕೆಲಸ. ‘ಮರೀನ್ ಪ್ಲೈ ಹಾಕಿದ್ದೇವೆ’ ಎಂಬ ಒಂದೇ ಮಾತಿಗೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಡೆಕ್ ಕೊಳೆತರೆ ಕಾಲಿಟ್ಟಾಗ ಮೆತ್ತಗೆ ತಗ್ಗುತ್ತದೆ, ಗೊತ್ತಾಗುತ್ತದೆ. ಹೆಚ್ಚು ಭಯ ಹಿಂಬದಿಯ ಹಲಗೆಯದ್ದು. ಔಟ್‌ಬೋರ್ಡ್ ಎಂಜಿನ್ನಿನ ಪೂರ್ತಿ ಭಾರವೂ ಅದರ ತಳ್ಳುವ ಬಲವೂ ಬೀಳುವುದು ಅಲ್ಲಿ. ಆ ಹಲಗೆಯೊಳಗಿನ ಮರ ಪುಡಿಯಾದರೆ ಉಳಿಯುವುದು ಎರಡು ತೆಳು ಫೈಬರ್ ಪದರ. ದಡದಲ್ಲಿ ನಿಂತಾಗ ಅದು ಗಟ್ಟಿಯಾಗಿಯೇ ಕಾಣುತ್ತದೆ. ಅಲೆಯ ಮೇಲೆ ಎಂಜಿನ್ ಪೂರ್ತಿ ತಿರುಗಿಸಿದಾಗ ಸತ್ಯ ಹೊರಬೀಳುತ್ತದೆ. ಆಗ ದೋಣಿಯಲ್ಲಿ ಜನ ಇರುತ್ತಾರೆ.

ರಿಪೇರಿಯ ಕ್ರಮ

ಕೊಳೆತವನ್ನು ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಸಣ್ಣ ಸುತ್ತಿಗೆಯ ಹಿಡಿಯಿಂದ ಡೆಕ್ಕನ್ನು ಅಂಗೈ ಅಗಲಕ್ಕೊಮ್ಮೆ ತಟ್ಟುತ್ತಾ ಹೋದರೆ ಸಾಕು. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ. ಮಡಕೆ ಕೊಳ್ಳುವಾಗ ತಟ್ಟಿ ನೋಡುವುದು ಇದೇ ವಿದ್ಯೆ. ಸದ್ದು ಬದಲಾದ ಗಡಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಬೇಕು. ಅನುಮಾನ ಉಳಿದರೆ ಸಣ್ಣ ತೂತು ಕೊರೆದು ಹೊರಬರುವ ಪುಡಿ ನೋಡಬೇಕು. ತಿಳಿಬಣ್ಣದ ಒಣ ಪುಡಿ ಬಂದರೆ ಮರ ಬದುಕಿದೆ. ಕಪ್ಪಾದ, ಒದ್ದೆ, ಮುಗ್ಗಲು ವಾಸನೆಯ ಪುಡಿ ಬಂದರೆ ಸತ್ತಿದೆ.

ನಂತರ ಮೇಲಿನ ಫೈಬರ್ ಪದರವನ್ನಷ್ಟೇ ಗುರುತಿನ ಸುತ್ತ ಕತ್ತರಿಸಿ ಎತ್ತಬೇಕು. ಕೆಳಗಿನ ಪದರಕ್ಕೆ ಗಾಯ ಆಗಬಾರದು. ಎತ್ತಿದ ತುಂಡು ಚೆನ್ನಾಗಿದ್ದರೆ ಎಸೆಯಬೇಕಿಲ್ಲ, ಕೊನೆಗೆ ಮುಚ್ಚಳವಾಗಿ ಅದೇ ಬರುತ್ತದೆ. ಒಳಗಿನ ಕೊಳೆತ ಮರವನ್ನು ಉಳಿಯಿಂದ ಕೆತ್ತಿ ತೆಗೆದು, ಗಟ್ಟಿ ಮರ ಸಿಕ್ಕ ಮೇಲೂ ಇನ್ನೂ ನಾಲ್ಕಾರು ಬೆರಳು ಮುಂದಕ್ಕೆ ಹೋಗಬೇಕು. ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಮುಂದೆ ಹೋಗಿರುತ್ತವೆ.

ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಉಳಿದ ಮರ ಪೂರ್ತಿ ಒಣಗಬೇಕು, ತೇವಾಂಶ ಶೇ. 15ಕ್ಕಿಂತ ಕೆಳಗೆ ಇಳಿಯಬೇಕು. ಒದ್ದೆ ಮರಕ್ಕೆ ರೆಸಿನ್ ಅಂಟುವುದಿಲ್ಲ. ಅಂಟಿದಂತೆ ಕಂಡರೂ ಕೆಲವೇ ತಿಂಗಳಲ್ಲಿ ಎದ್ದು ಬರುತ್ತದೆ. ಹೊಸ ಪ್ಲೈವುಡ್ ತುಂಡಿನ ಆರೂ ಮೈಗೆ, ಅದರಲ್ಲೂ ಅಂಚುಗಳಿಗೆ ಮೊದಲೇ ರೆಸಿನ್ ಕುಡಿಸಬೇಕು. ನೀರು ಓಡುವುದು ಅಂಚಿನಲ್ಲೇ. ಗಟ್ಟಿ ಮಾಡಿದ ರೆಸಿನ್ ಗಾರೆಯಲ್ಲಿ ಆ ತುಂಡನ್ನು ಒತ್ತಿ ಕೂರಿಸಬೇಕು, ಕೆಳಗೆ ಗಾಳಿ ಉಳಿಯಬಾರದು. ಮರಕ್ಕೆ ಹಿಡಿಯುವ ವಿಷಯದಲ್ಲಿ ಪಾಲಿಯೆಸ್ಟರಿಗಿಂತ ಎಪಾಕ್ಸಿ ಎಷ್ಟೋ ಮೇಲು, ಬೆಲೆಯೂ ಮೇಲು.

ಮುಚ್ಚುವಾಗ ಹಳೆಯ ಫೈಬರಿನ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ ಎಂಬುದು ರೂಢಿಯ ಲೆಕ್ಕ. 6 ಮಿಲಿಮೀಟರ್ ದಪ್ಪದ ಪದರಕ್ಕೆ ಏಳು ಸೆಂಟಿಮೀಟರಿನಷ್ಟು ಇಳಿಜಾರು. ಅದರ ಮೇಲೆ ಹೊಸ ಹಾಸು ಪದರ ಪದರವಾಗಿ ಬರಬೇಕು. ಬೋಲ್ಟಿನ ತೂತುಗಳನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಪೂರ್ತಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಹಾಕಬೇಕು. ಆಗ ಬೋಲ್ಟಿಗೂ ಮರಕ್ಕೂ ನಡುವೆ ಎಪಾಕ್ಸಿಯ ಗೋಡೆ ನಿಲ್ಲುತ್ತದೆ. ಮುಂದೆ ಅಲ್ಲಿ ನೀರು ಸೋರಿದರೂ ಮರಕ್ಕೆ ತಾಗುವುದಿಲ್ಲ. ಇಡೀ ಕೆಲಸದಲ್ಲಿ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲೇಬೇಕು. ಗಾಜಿನ ಪುಡಿ, ರೆಸಿನ್ನಿನ ಆವಿ, ಅದನ್ನು ಗಟ್ಟಿ ಮಾಡಲು ಹಾಕುವ ರಾಸಾಯನಿಕ ಮೂರೂ ಕೆಟ್ಟವು.

ಅಡ್ಡದಾರಿಗಳೂ ಇವೆ. ಮೇಲಿನಿಂದ ತೂತು ಹಾಕಿ ರೆಸಿನ್ ಸುರಿಯುವುದು ಒಂದು. ಒಳಗೆ ನೀರು ಕುಡಿದ ಮರ ಇರುವಾಗ ರೆಸಿನ್ ಹೋಗುವುದೆಲ್ಲಿಗೆ? ಮೆತ್ತಗಾದ ಡೆಕ್ಕಿನ ಮೇಲೆ ಇನ್ನೊಂದು ಪ್ಲೈವುಡ್ ಸ್ಕ್ರೂ ಹೊಡೆಯುವುದು ಇನ್ನೊಂದು. ಅದು ಹತ್ತಿಪ್ಪತ್ತು ಹೊಸ ತೂತುಗಳನ್ನು ಮಾಡುತ್ತದೆ. ಮೇಲೊಂದು ಪದರ ಫೈಬರ್ ಬಳಿದು ಬಣ್ಣ ಹಚ್ಚುವುದು ಎಲ್ಲಕ್ಕಿಂತ ಸುಲಭ. ದೋಣಿ ಮಾರುವ ಮುನ್ನ ಮಾಡಲು ಬಹಳ ಅನುಕೂಲವಾದ ರಿಪೇರಿ ಅದು. ಹಳೆಯ ದೋಣಿ ಕೊಳ್ಳುವವರು ಹೊಸ ಬಣ್ಣ ಕಂಡರೆ ಮೊದಲು ತಟ್ಟಿ ನೋಡಬೇಕು.

ಮಳೆಗಾಲದ ಇಕ್ಕಟ್ಟು

ಇಷ್ಟೆಲ್ಲ ಕ್ರಮ ಗೊತ್ತಿದ್ದರೂ ಅದನ್ನು ಪಾಲಿಸಲು ಅಡ್ಡ ಬರುವುದು ಪಂಚಾಂಗ. ಪಶ್ಚಿಮ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಮ್ಮಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ದೊಡ್ಡ ದೋಣಿಗೆ ಬಿಡುವು ಸಿಗುವುದು ಆ ಎರಡು ತಿಂಗಳು ಮಾತ್ರ. ಮರ ಒಣಗದ, ರೆಸಿನ್ ಸರಿಯಾಗಿ ಗಟ್ಟಿಯಾಗದ ತಿಂಗಳುಗಳೂ ಅವೇ. ನಾಡದೋಣಿಯದ್ದು ಇದಕ್ಕೆ ತಿರುಗುಮುರುಗು. ಅದಕ್ಕೆ ಮಳೆಗಾಲವೇ ದುಡಿಮೆಯ ಕಾಲ, ರಿಪೇರಿಗೆ ಬೇಸಿಗೆ ಸಿಗುತ್ತದೆ, ಆದರೆ ನಾಲ್ಕು ತಿಂಗಳ ಮಳೆ ಪೂರ್ತಿ ಮೈಮೇಲೆ ಬೀಳುತ್ತದೆ.

ಮರದ ದೋಣಿಯ ಕಾಲದಲ್ಲೂ ಮಳೆ ಇದೇ ಇತ್ತು. ಆಗ ದೋಣಿಯನ್ನು ದಡಕ್ಕೆಳೆದು, ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಡುತ್ತಿದ್ದರು. ಗರಿ ಮಳೆ ತಡೆಯುತ್ತಿತ್ತು, ಗಾಳಿ ಬಿಡುತ್ತಿತ್ತು. ಅದರ ಬದಲು ಟಾರ್ಪಾಲನ್ನು ದೋಣಿಯ ಮೈಗೆ ಬಿಗಿದು ಕಟ್ಟಿದರೆ ಮಳೆಯ ಜೊತೆಗೆ ಗಾಳಿಯನ್ನೂ ತಡೆಯುತ್ತದೆ, ಒಳಗೆ ಹಬೆ ಕೂಡುತ್ತದೆ. ಮಾಡಬೇಕಾದದ್ದು ಸರಳ: ಮೂತಿ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ನೀರು ಬಿಡುವ ತೂಬಿನ ಬಿರಡೆ ತೆಗೆದಿಡಿ. ಟಾರ್ಪಾಲನ್ನು ಕಂಬದ ಮೇಲೆ ಎತ್ತರಿಸಿ ಕಟ್ಟಿ, ಎರಡೂ ತುದಿ ತೆರೆದಿರಲಿ. ಮುಚ್ಚಳಗಳನ್ನು ತೆರೆದಿಡಿ. ಡೆಕ್ಕನ್ನು ಸಿಹಿನೀರಿಗಿಂತ ಕಡಲ ನೀರಲ್ಲಿ ತೊಳೆಯುವ ಹಳಬರ ರೂಢಿಗೆ ಅರ್ಥವಿದೆ.

ಯಾರ ಲೆಕ್ಕಕ್ಕೆ

ಮರ ಕೊಳೆಯುವ ಸಮಸ್ಯೆ ಫೈಬರ್ ಬಂದ ಮೇಲೂ ಹೋಗಲಿಲ್ಲ. ಅದು ಕಣ್ಣಿಗೆ ಕಾಣುವ ಜಾಗದಿಂದ ಕಾಣದ ಜಾಗಕ್ಕೆ ಸರಿಯಿತು. ಮೊದಲು ಖರ್ಚು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬರುತ್ತಿತ್ತು: ಎಣ್ಣೆ, ನಾರು, ಒಂದೆರಡು ಹಲಗೆ, ಬಡಗಿಯ ಕೂಲಿ. ಈಗ ಹಲವು ವರ್ಷ ಏನೂ ಇಲ್ಲದೆ ಒಮ್ಮೆಲೇ ದೊಡ್ಡದಾಗಿ ಬರುತ್ತದೆ. ಸಾಲ ಮಾಡಿ ದೋಣಿ ಕೊಂಡ ಮನೆಗೆ ಈ ಎರಡು ಖರ್ಚು ಒಂದೇ ಅಲ್ಲ. ವರ್ಷ ವರ್ಷ ದೋಣಿಯ ಒಳಮೈ ನೋಡುತ್ತಿದ್ದ ಬಡಗಿಯ ಕಣ್ಣೂ ಈ ವ್ಯವಸ್ಥೆಯಲ್ಲಿ ಬಿಟ್ಟುಹೋಯಿತು. ಫೈಬರ್ ಕೆಲಸ ಕಲಿತವರಿಗೆ ಮರದ ಸ್ವಭಾವ ಕಲಿಸುವವರು ಬೇಕಲ್ಲ.

ಕೊನೆಯ ಪ್ರಶ್ನೆ ಹಳತಾದ ದೋಣಿಯದ್ದು. ಮರದ ದೋಣಿ ಕೊನೆಗೆ ಒಲೆಗೋ ಮಣ್ಣಿಗೋ ಹೋಗುತ್ತಿತ್ತು. ಗಟ್ಟಿಯಾದ ಪಾಲಿಯೆಸ್ಟರ್ ಮತ್ತೆ ಕರಗುವುದಿಲ್ಲ, ಗುಜರಿಯವರೂ ಕೊಳ್ಳುವುದಿಲ್ಲ. ಡೆಕ್ಕಿನ ಕೆಳಗಿನ ಮರ ಸತ್ತಿತೆಂದು ಇಡೀ ದೋಣಿ ಬಿಟ್ಟರೆ ಆ ಚಿಪ್ಪು ನದಿಯ ದಡದಲ್ಲೇ ಉಳಿಯುತ್ತದೆ. ಎಷ್ಟೋ ಸಲ ಚಿಪ್ಪಿನಲ್ಲಿ ಇನ್ನೂ ವರ್ಷಗಟ್ಟಲೆ ಆಯುಷ್ಯ ಇರುತ್ತದೆ. ಅಂಥ ದೋಣಿಯ ಮರ ಬದಲಿಸಿ ಉಳಿಸಿಕೊಳ್ಳುವುದು ಮಾಲೀಕನಿಗೂ ಲಾಭ, ದಡಕ್ಕೂ ಲಾಭ.

ಹೊಸ ದೋಣಿ ಮಾಡಿಸುವವರು ಈಗ ಮರದ ಬದಲು ನೀರು ಕುಡಿಯದ ಫೋಮ್ ಹಾಕಿಸಬಹುದು, ಬೋಲ್ಟು ಬರುವ ಜಾಗದಲ್ಲಿ ಗಟ್ಟಿ ಫೈಬರ್ ಮಾತ್ರ ಇರುವಂತೆ ಕೇಳಬಹುದು. ಖರ್ಚು ಹೆಚ್ಚು. ಅದು ಆಗದಿದ್ದರೆ ಕನಿಷ್ಠ ಮೂರು ಪ್ರಶ್ನೆಗಳನ್ನು ಮುಂಗಡ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ: ಒಳಗೆ ಮರ ಎಲ್ಲೆಲ್ಲಿ ಇದೆ? ಅದು ಯಾವ ದರ್ಜೆಯ ಪ್ಲೈವುಡ್? ಅಂಚಿಗೂ ತೂತಿಗೂ ಏನು ತುಂಬಿದ್ದೀರಿ? ಹೊಲಿದ ದೋಣಿಯನ್ನು ಬಿಚ್ಚಿದಾಗ ಈ ಉತ್ತರಗಳು ತಾವಾಗಿಯೇ ಕಾಣುತ್ತಿದ್ದವು. ಫೈಬರ್ ದೋಣಿಯಲ್ಲಿ ಬಾಯಿಬಿಟ್ಟು ಕೇಳಬೇಕು, ವರ್ಷಕ್ಕೊಮ್ಮೆಯಾದರೂ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು.